ಮನೆ ತಾರಸಿಗೆ ಸೋಲಾರ್: ಈಗಲೇ ಹಾಕಿಸಬೇಕಾ?

ಪರ: ಕಾಯಬೇಡಿ, ಹಾಕಿಸಿ
(ಶಿವಮೊಗ್ಗದ ನಿವೃತ್ತ ಶಿಕ್ಷಕಿ)

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ನಮ್ಮ ಮನೆ, ಗದ್ದೆ, ಅಡಿಕೆ ತೋಟ ಎಲ್ಲ ಶರಾವತಿ ಹಿನ್ನೀರಿಗೆ ಹೋಯಿತು. ಲಾರಿಗೆ ಸಾಮಾನು ತುಂಬಿಕೊಂಡು ಬಂದು ಶಿವಮೊಗ್ಗದ ಕಡೆ ಕಾಡಂಚಿನಲ್ಲಿ ಇಳಿದರಂತೆ. ಆಗ ನಾನು ಅಮ್ಮನ ಹೊಟ್ಟೆಯಲ್ಲಿದ್ದೆ.

ಆ ನೀರಿನಿಂದ ಹುಟ್ಟಿದ ಕರೆಂಟು ನಾಡಿಗೆಲ್ಲ ಬೆಳಕು ಕೊಟ್ಟಿತು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿದ್ದು ಲಾಟೀನಿನ ಮುಂದೆ ಕೂತು. ಸಂಜೆಯಾದರೆ ಲಾಟೀನಿನ ಗಾಜು ತೆಗೆದು, ಒಲೆಯ ಬೂದಿ ಹಾಕಿ ಉಜ್ಜಿ, ಹಳೇ ಪಂಚೆಯ ಚೂರಿನಿಂದ ಒರೆಸುವುದು ನನ್ನ ಕೆಲಸ. ಚೂರು ಮಸಿ ಉಳಿದರೂ ಪುಸ್ತಕದ ಮೇಲೆ ನೆರಳು ಬೀಳುತ್ತಿತ್ತು. ಲೈಟಿನ ಸ್ವಿಚ್ ಒತ್ತುವಾಗ ಇವತ್ತಿಗೂ ನನಗೆ ಆ ಗಾಜು ನೆನಪಾಗುತ್ತದೆ.

ಅದಕ್ಕೇ, ಸೋಲಾರ್ ಹಾಕಿಸಿದರೆ ಎಷ್ಟು ಉಳಿಯುತ್ತೆ ಅಂತ ಯಾರಾದರೂ ಕೇಳಿದರೆ ಲೆಕ್ಕ ಹೇಳುತ್ತೇನೆ, ಆದರೆ ನನ್ನ ಲೆಕ್ಕ ಅಲ್ಲಿಂದ ಶುರುವಾಗುವುದಿಲ್ಲ. ನಾವು ಖರ್ಚು ಮಾಡುವ ಒಂದೊಂದು ಯೂನಿಟ್ಟೂ ಎಲ್ಲಿಂದಲೋ ಬರುತ್ತದೆ. ಒಂದೋ ಯಾರದೋ ಊರು ಮುಳುಗಿಸಿದ ನೀರಿನಿಂದ. ಇಲ್ಲವೇ ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲಿನಿಂದ. ನಮ್ಮ ತಾರಸಿ ಮೇಲೆ ಬೀಳುವ ಬಿಸಿಲಿಗೆ ಯಾರ ಊರೂ ಮುಳುಗಬೇಕಾಗಿಲ್ಲ.

ಈಗ ದುಡ್ಡಿನ ಮಾತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ತಂತು. 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಅಥವಾ ಅದಕ್ಕಿಂತ ಜಾಸ್ತಿ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ನಾನು ರಿಟೈರ್ ಆದದ್ದೂ ಅದೇ ವರ್ಷ. ಬಂದ ದುಡ್ಡಿನಲ್ಲಿ ಬಂಗಾರ ತಗೊಳ್ಳಿ ಅಂತ ತಂಗಿ ಹೇಳಿದಳು. ನಾನು 3 ಕಿಲೋವಾಟ್ ಪ್ಯಾನೆಲ್ ಹಾಕಿಸಿದೆ. ಒಟ್ಟು 1,95,000 ಆಯಿತು. ಸಬ್ಸಿಡಿ ನೇರ ಬ್ಯಾಂಕ್ ಖಾತೆಗೆ ಬಂತು. ಕೈಯಿಂದ ಬಿದ್ದದ್ದು 1,17,000.

ನಮ್ಮ ಮನೆಯಲ್ಲಿ ತಿಂಗಳಿಗೆ 290 ಯೂನಿಟ್ ಆಸುಪಾಸು ಖರ್ಚು. ಮೊದಲು 2,000 ದಾಟುತ್ತಿದ್ದ ಬಿಲ್ಲು ಈಗ 500ರ ಸುತ್ತ ಬರುತ್ತದೆ. ಅದೂ ನಿಗದಿತ ಶುಲ್ಕ, ಅದು ತಪ್ಪುವುದಿಲ್ಲ. ಆರು-ಏಳು ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಪ್ಯಾನೆಲ್‌ಗೆ 25 ವರ್ಷದ ಗ್ಯಾರಂಟಿ ಇದೆ. ನನ್ನ ಮೊಮ್ಮಗಳು ಕೆಲಸಕ್ಕೆ ಸೇರಿದಾಗಲೂ ಅದು ಕರೆಂಟು ಕೊಡುತ್ತಿರುತ್ತದೆ.

ಹೊಸ ಮೀಟರ್ ಹಾಕಿಸುವುದಕ್ಕೆ ಒಂದೂವರೆ ತಿಂಗಳು ಕಚೇರಿಗೆ ಅಲೆದದ್ದು ನಿಜ. ಇವತ್ತು ಬನ್ನಿ, ನಾಳೆ ಬನ್ನಿ ಅಂದರು. ಅಲೆದೆ, ಆಯಿತು. ಈಗ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಮೀಟರ್ ಮುಂದೆ ನಿಲ್ಲುತ್ತೇನೆ. ಅದರಲ್ಲಿ ಎರಡು ಅಂಕಿ ಸರದಿಯಲ್ಲಿ ಬರುತ್ತವೆ. ಒಂದು ನಾವು ಲೈನಿನಿಂದ ತಗೊಂಡದ್ದು, ಇನ್ನೊಂದು ನಾವು ಲೈನಿಗೆ ಕೊಟ್ಟದ್ದು. ಹೋದ ಏಪ್ರಿಲ್‌ನಲ್ಲಿ 180 ತಗೊಂಡಿದ್ದೆವು, 260 ಕೊಟ್ಟಿದ್ದೆವು. ಆ ತಿಂಗಳು ಬಿಲ್ ಕೊಡಲು ಬಂದ ಹುಡುಗನಿಗೂ ಕರೆದು ತೋರಿಸಿದೆ.

ಮಲೆನಾಡಿನ ಮಳೆಗೆ ಸೋಲಾರ್ ಆಗಿಬರಲ್ಲ ಅಂತ ಬಹಳ ಜನ ಹೆದರಿಸಿದರು. ಜುಲೈನಲ್ಲಿ ಜಡಿಮಳೆ ಹಿಡಿದರೆ ದಿನಕ್ಕೆ 4 ಯೂನಿಟ್ ಬಂದರೆ ಹೆಚ್ಚು. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ 13 ಬರುತ್ತದೆ. ವರ್ಷದ ಲೆಕ್ಕ ನೋಡಬೇಕು. ಅಡಿಕೆ ಬೆಳೆಯುವವರು ತಿಂಗಳ ಲೆಕ್ಕ ನೋಡುತ್ತಾರಾ?

ಕರೆಂಟು ಹೋದಾಗ ಸೋಲಾರೂ ನಿಂತುಹೋಗುತ್ತೆ ಅನ್ನುವುದು ಇನ್ನೊಂದು ತಕರಾರು. ನಮ್ಮಲ್ಲಿ ಮೊದಲಿನಿಂದ ಇನ್ವರ್ಟರ್, ಬ್ಯಾಟರಿ ಇದೆ. ನಮಗೆ ತೊಂದರೆ ಆಗಿಲ್ಲ. ಗೃಹಜ್ಯೋತಿಯಲ್ಲಿ ಕರೆಂಟು ಪುಕ್ಕಟೆ ಬರುವಾಗ ಲಕ್ಷ ರೂಪಾಯಿ ಯಾಕೆ ಸುರಿಯಬೇಕು ಅಂತಲೂ ಕೇಳುತ್ತಾರೆ. ಬಿಲ್ಲಿನಲ್ಲಿ ಸೊನ್ನೆ ಇದ್ದರೆ ಕರೆಂಟು ಆಕಾಶದಿಂದ ಉದುರಿತು ಅಂತ ಅಂದುಕೊಂಡವರಿಗೆ ನಾನೇನು ಹೇಳಲಿ? 2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯಗಳಲ್ಲಿ ನೀರಿಲ್ಲದೆ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟು ತರಿಸಬೇಕಾಯಿತು. ಪಂಪ್‌ಸೆಟ್‌ಗೆ ಕರೆಂಟಿಲ್ಲದೆ ರೈತರು ಬೀದಿಗಿಳಿದರು. ಸೊನ್ನೆ ಬಿಲ್ಲು ಅವತ್ತೂ ಬಂತಲ್ವಾ?

ಈಗ ಮತ್ತೆ ಅದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮಾಡುತ್ತೇವೆ ಅನ್ನುತ್ತಿದ್ದಾರೆ, ಅಂದರೆ ಕರೆಂಟು ಜಾಸ್ತಿ ಇದ್ದಾಗ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಸಿಂಗಳೀಕಗಳು ಇರುವ ಕಾಡು ಅದು. ಇನ್ನೂ ಎಷ್ಟು ಅಂತ ಆ ನದಿಯನ್ನು ಕೇಳುವುದು? ಒಂದು ಸಲ ಕೊಟ್ಟವರ ಮನೆಯವಳಾಗಿ ಕೇಳುತ್ತಿದ್ದೇನೆ. ಊರಿನಲ್ಲಿ ಇಷ್ಟು ಆರ್‌ಸಿಸಿ ಮನೆಗಳಿವೆ. ತಾರಸಿ ಮೇಲೆ ಸಿಂಟೆಕ್ಸ್ ಟ್ಯಾಂಕ್ ಬಿಟ್ಟರೆ ಏನಿದೆ? 1 ಕಿಲೋವಾಟ್‌ಗೆ ನೂರು ಚದರಡಿ ಜಾಗ ಸಾಕು. ಹಪ್ಪಳ ಒಣಗಿಸುವುದಕ್ಕೆ ಆಮೇಲೂ ಜಾಗ ಉಳಿಯುತ್ತದೆ.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಪ್ಯಾನೆಲ್ ಹಾಕಿದ ವಾರ, ತಾನೂ ನೋಡಬೇಕು ಅಂದಳು. ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ನಮ್ಮನೆಯವರು ಮಾಪ್ ಹಿಡಿದು ಪ್ಯಾನೆಲ್ ಮೇಲಿನ ಹಕ್ಕಿ ಹಿಕ್ಕೆ ತೊಳೆಯುತ್ತಿದ್ದರು. ಅಮ್ಮ ಸೆರಗು ತಲೆಗೆ ಹೊದ್ದು ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ಬಗ್ಗಿ ಅಂಚು ಮುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕೆ ನೀರೇ ಬೇಡ್ವೇನೆ?" ಅಂದಳು.

ತೊಳೆಯೋದಕ್ಕೆ ಒಂದು ಬಕೆಟ್ ಸಾಕಮ್ಮ, ಅಂದೆ.

ವಿರೋಧ: ಮೊದಲು ಮನೆಯೊಳಗೆ ನೋಡಿ
(ದಾವಣಗೆರೆಯ ಎಲೆಕ್ಟ್ರಿಕಲ್ ಕಂಟ್ರಾಕ್ಟರ್)

ವಿರೋಧದ ಕಡೆ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೋಲಾರ್ ಕೆಟ್ಟದ್ದು ಅಂತ ನನಗೆ ಅನಿಸಿಲ್ಲ. ತಿಂಗಳಿಗೆ ಎರಡು ಮೂರು ಮನೆಗೆ ನಾನೇ ವೈರಿಂಗ್ ಮಾಡಿಕೊಡುತ್ತೇನೆ. ನನ್ನ ತಕರಾರು 'ಈಗಲೇ' ಅನ್ನುವ ಪದಕ್ಕೆ.

ಪ್ಯಾನೆಲ್ ಬಂದರೆ ಎಲ್ಲ ಪುಕ್ಕಟೆ, ಎಸಿ ಹಗಲೂ ರಾತ್ರಿ ಓಡಿಸಬಹುದು ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಿಲ್ಲ. ಬ್ಯಾಟರಿ ಇಲ್ಲದ ಸಾಮಾನ್ಯ ಸಿಸ್ಟಮ್ ಲೈನಿನಲ್ಲಿ ಕರೆಂಟು ಹೋದ ಕೂಡಲೇ ಆಫ್ ಆಗುತ್ತದೆ. ಆಗಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಇದನ್ನು ಮಾರುವವರು ಹೇಳುವುದಿಲ್ಲ. ಹಾಕಿಸಿದ ಮೇಲೆ ಜನ ನನಗೆ ಫೋನ್ ಮಾಡಿ ಬೈಯುತ್ತಾರೆ.

ಇನ್ನೊಂದು ವಿಷಯ. ಪ್ಯಾನೆಲ್ ಜೋರಾಗಿ ಕರೆಂಟು ಕೊಡುವುದು ಮಧ್ಯಾಹ್ನ. ಆ ಹೊತ್ತಿಗೆ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕೂ ಕೊಡುತ್ತಿರುತ್ತದೆ. ಕರ್ನಾಟಕದಲ್ಲಿ ಬಿಸಿಲಿನ ಕರೆಂಟಿಗೆ ಅಷ್ಟೇನೂ ಬರ ಇಲ್ಲ. ಬೇಕಾಗಿರುವುದು ಸಂಜೆ 6ರಿಂದ 10ಕ್ಕೆ. ಹಗಲಿನ ಕರೆಂಟನ್ನು ರಾತ್ರಿಗೆ ಇಟ್ಟುಕೊಳ್ಳಬೇಕು ಅಂತಲೇ ಪಂಪ್ಡ್ ಸ್ಟೋರೇಜ್ ಯೋಜನೆಗಳು ಬರುತ್ತಿವೆ. ರಾತ್ರಿ 8 ಗಂಟೆಗೆ ಪ್ಯಾನೆಲ್ ಏನೂ ಕೊಡುವುದಿಲ್ಲ. ಒಳ್ಳೆ ಫ್ಯಾನ್ ಆಗಲೂ ಉಳಿಸುತ್ತದೆ.

ಹಳೇ ಸೀಲಿಂಗ್ ಫ್ಯಾನ್ 75 ವಾಟ್ ತಿನ್ನುತ್ತದೆ. ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30. ದಾವಣಗೆರೆ ಸೆಕೆಗೆ ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಗೀಸರ್ 2,000 ವಾಟ್. ದಿನಾ ಒಂದು ಗಂಟೆ ಅಂದರೂ ತಿಂಗಳಿಗೆ 60 ಯೂನಿಟ್. ಬಿಸಿನೀರಿಗೆ ಸೋಲಾರ್ ವಾಟರ್ ಹೀಟರ್ ಹಾಕಿಸಿ, ಅದಕ್ಕೆ ನನ್ನ ವಿರೋಧ ಇಲ್ಲ. ನಮ್ಮ ಅತ್ತೆ ಮನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಹಾಕಿಸಿದ್ದರು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು, ಸೌದೆ ಕಡಿಮೆ ಸಾಕಾಗುತ್ತಿತ್ತು. ಹೊಸ ಸೌದೆ ಎಲ್ಲಿಂದ ತರೋಣ ಅಂತ ಅವರು ಮೊದಲು ಕೇಳಲಿಲ್ಲ. ಇರುವ ಸೌದೆ ಎಲ್ಲಿ ಪೋಲಾಗುತ್ತಿದೆ ಅಂತ ನೋಡಿದರು.

ಹೋದ ವರ್ಷ ಒಬ್ಬ ಯಜಮಾನರು ಕರೆದರು. ಬಿಲ್ಲು 260 ಯೂನಿಟ್ ಬರ್ತಿದೆ, ಸಾಲ ಮಾಡಿಯಾದರೂ 3 ಕಿಲೋವಾಟ್ ಹಾಕಿಬಿಡಪ್ಪ ಅಂದರು. ಹಳೇ ಬಿಲ್ಲು ತೋರಿಸಿ ಅಂದೆ. 2022-23ರಲ್ಲಿ ಅವರ ಸರಾಸರಿ 178 ಇತ್ತು. ಮನೆಗೆ ಹೊಸ ಸಾಮಾನೇನೂ ಬಂದಿರಲಿಲ್ಲ. ಹಾಗಾದರೆ ಎಲ್ಲೋ ಸೋರ್ತಿದೆ ಅಂತಾಯಿತು.

ಅಡುಗೆಮನೆಗೆ ಹೋಗಿ ಫ್ರಿಜ್ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿದೆ. ನೋಟು ಎಳೆದೆ, ಸಲೀಸಾಗಿ ಬಂತು. ಬಾಗಿಲ ರಬ್ಬರ್ ಸತ್ತಿತ್ತು. ತಣ್ಣಗಿನ ಗಾಳಿ ಹೊರಗೆ ಹೋಗುತ್ತಾ ಕಂಪ್ರೆಸರ್ ನಿಲ್ಲದೆ ಓಡುತ್ತಿತ್ತು. ಗೀಸರ್ ಸ್ವಿಚ್ ಬೆಳಿಗ್ಗೆ ಹಾಕಿದರೆ ಆಫ್ ಮಾಡುವವರೇ ಇಲ್ಲ. ಮೇಲಿನ ಟ್ಯಾಂಕಿನ ನೀರು ಕಕ್ಕಸಿನ ಫ್ಲಶ್‌ನಲ್ಲಿ ಸಣ್ಣಗೆ ಸೋರುತ್ತಿತ್ತು, ಅದಕ್ಕೆ ಮೋಟರ್ ದಿನಕ್ಕೆ ಎರಡು ಸಲ ಹಾಕುತ್ತಿದ್ದರು. ಮೂವತ್ತು ವರ್ಷದ ಎರಡು ಫ್ಯಾನ್ ಬೇರೆ.

ರಬ್ಬರ್ ಹಾಕಿಸಿದೆ. ಫ್ಲಶ್ ವಾಲ್ವ್ ಬದಲಾಯಿಸಿದೆ, ಎರಡು ಹೊಸ ಫ್ಯಾನ್ ಕಟ್ಟಿದೆ. ಎಲ್ಲ ಸೇರಿ 9,000 ಒಳಗೆ ಮುಗಿಯಿತು. ಗೀಸರ್ ಆಫ್ ಮಾಡುವ ಜವಾಬ್ದಾರಿ ಅವರ ಮಗಳು ತಗೊಂಡಳು. ಎರಡನೇ ತಿಂಗಳು ಮೀಟರ್ 186 ತೋರಿಸಿತು. ಗೃಹಜ್ಯೋತಿಯಲ್ಲಿ ಅವರ ಮಿತಿ 2022-23ರ ಸರಾಸರಿಯ ಮೇಲೆ ಶೇ 10 ಸೇರಿ 195ರ ಆಸುಪಾಸು. ಬಿಲ್ಲು ಸೊನ್ನೆ. 200 ದಾಟಿದ್ದಕ್ಕೆ ಅಷ್ಟು ದಿನ ಪೂರ್ತಿ ಕಟ್ಟುತ್ತಿದ್ದರು. 3 ಕಿಲೋವಾಟ್ ಹಾಕಿದ್ದರೆ ಸಾಲದ ಕಂತು ಕಟ್ಟುತ್ತಾ, ಸೋರುವ ಫ್ರಿಜ್‌ಗೂ ಪ್ಯಾನೆಲ್‌ನಿಂದ ಕರೆಂಟು ಕೊಡುತ್ತಿದ್ದರು.

ಬಾಡಿಗೆ ಮನೆಯವರಿಗೆ, ಅಪಾರ್ಟ್‌ಮೆಂಟಿನವರಿಗೆ ತಾರಸಿಯೇ ಇಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಪಕ್ಕದವರು ನಾಲ್ಕು ಮಹಡಿ ಎಬ್ಬಿಸಿದರೆ ನೆರಳು ಬಿದ್ದು ಪ್ಯಾನೆಲ್ ಅರ್ಧ ಕೆಲಸ ಮಾಡುತ್ತದೆ. ಇಂಥವರಿಗೆಲ್ಲ ಫ್ಯಾನ್, ಬಲ್ಬು, ಫ್ರಿಜ್‌ನಲ್ಲೇ ಉಳಿಸುವ ದಾರಿ ಇದೆ. ಅಂಗಡಿಯಲ್ಲಿ ಸ್ಟಾರ್ ಎಷ್ಟಿದೆ ಅಂತ ನೋಡಿ ತಗೊಂಡರೆ ಅರ್ಧ ಕೆಲಸ ಆಯಿತು.

ಆ ಯಜಮಾನರ ತಾರಸಿ ಇನ್ನೂ ಖಾಲಿ ಇದೆ. ಮುಂದಿನ ವರ್ಷ ಮಗಳು ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುತ್ತಾಳಂತೆ. ಆಗ ಖರ್ಚು 200 ದಾಟುತ್ತೆ, 2 ಕಿಲೋವಾಟ್ ಹಾಕೋಣ ಅಂತ ಮಾತಾಗಿದೆ. 3 ಬೇಕಾಗಲ್ಲ.