ತಪ್ಪು ಕೋಡಿನದಲ್ಲ ಸ್ವಾಮಿ, ಕರೆಂಟಿನದು

ಮನೆಯಲ್ಲಿ ಕಟ್ಟಿದ ರೋಬೋ ತಾನಾಗಿ ತೆಗೆದುಕೊಳ್ಳುವ ಮೊದಲ ನಿರ್ಧಾರ ಸೋಫಾದ ಅಡಿಗೆ ಹೋಗುವುದು. ಎರಡನೆಯದು ಅಲ್ಲೇ ಉಳಿಯುವುದು. ಪೊರಕೆ ಹಿಡಿಯಿಂದ ಎಳೆದು ಈಚೆ ತಂದ ಮೇಲೆ ಮನೆಮಂದಿಯೆಲ್ಲ ಸೇರಿ 'ಪ್ರೋಗ್ರಾಂ ಸರಿಯಿಲ್ಲ' ಎಂದು ತೀರ್ಪು ಕೊಡುತ್ತಾರೆ. ಪ್ರೋಗ್ರಾಂ ಬರೆದವರೂ ಅದನ್ನು ನಂಬಿ ಲ್ಯಾಪ್‌ಟಾಪ್ ಬಿಚ್ಚುತ್ತಾರೆ. ಬೆಳಗಾಗುವ ಹೊತ್ತಿಗೆ, ಚೆನ್ನಾಗಿದ್ದ ಪ್ರೋಗ್ರಾಂ ನಿಜಕ್ಕೂ ಕೆಟ್ಟಿರುತ್ತದೆ.

ಸಾಮಾನಿನ ಪಟ್ಟಿ ದೊಡ್ಡದೇನಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 'ರೋಬೋ ಕಾರ್ ಕಿಟ್' ಅಂದರೆ ಸಾಕು: ರೋಬೋದ ಮಿದುಳಾಗುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೋ ಊನೋ, ಅದರ ಮಾತಿನಂತೆ ಮೋಟಾರಿಗೆ ಕರೆಂಟು ಹರಿಸುವ ಎಲ್298ಎನ್ ಮೋಟಾರ್ ಡ್ರೈವರ್, ಹಳದಿ ಬಣ್ಣದ ಎರಡು ಬಿ.ಓ. (ಬ್ಯಾಟರಿಯಲ್ಲಿ ಓಡುವ) ಮೋಟಾರ್, 65 ಮಿ.ಮೀ. ಗಾಲಿಗಳು, ಮುಂದಕ್ಕೊಂದು ಕ್ಯಾಸ್ಟರ್ ಗಾಲಿ, ಎರಡು ಕಣ್ಣಿನಂತೆ ಕಾಣುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ (ಕಿವಿಗೆ ಕೇಳದ ಶಬ್ದ ಕಳಿಸಿ ಪ್ರತಿಧ್ವನಿಯಿಂದ ದೂರ ಅಳೆಯುವಂಥದ್ದು), ಅದನ್ನು ಅತ್ತಿತ್ತ ತಿರುಗಿಸಲು ಎಸ್‌ಜಿ90 ಸರ್ವೋ, ಜೊತೆಗೆ ಅಕ್ರಿಲಿಕ್ ಚಾಸಿ. ಚಾಸಿಗೆ ಅಂಟಿರುವ ಕಂದು ಕಾಗದವನ್ನು ಉಗುರಿನಿಂದ ಕೆರೆಯಬೇಡಿ. ಹತ್ತು ನಿಮಿಷ ನೀರಲ್ಲಿ ನೆನೆಸಿದರೆ ಸಲೀಸಾಗಿ ಬರುತ್ತದೆ. ಸ್ಕ್ರೂ ಬಿಗಿಯುವಾಗಲೂ ಶೌರ್ಯ ಬೇಡ. ಅಕ್ರಿಲಿಕ್ 'ಟಿಕ್' ಅಂತ ಒಂದೇ ಮಾತು ಆಡುತ್ತದೆ, ಅಷ್ಟರಲ್ಲಿ ಸೀಳು ತೂತಿನಿಂದ ಅಂಚಿನವರೆಗೆ ಬಂದಿರುತ್ತದೆ.

ನಿಜವಾದ ಫಜೀತಿ ಬ್ಯಾಟರಿಯದು. ಚೌಕನೆಯ 9 ವೋಲ್ಟ್ ಬ್ಯಾಟರಿ ನೋಡಲು ಚೆಂದ, ಕ್ಲಿಪ್ ಹಾಕಲು ಸುಲಭ, ರೋಬೋಟಿಗೆ ಮಾತ್ರ ಪ್ರಯೋಜನವಿಲ್ಲ. ಮಲ್ಟಿಮೀಟರಿನಂಥವಕ್ಕೆ ಸಣ್ಣಗೆ ಕರೆಂಟು ಕೊಡುವ ಜಾತಿ ಅದು. ಎರಡು ಮೋಟಾರು ಒಟ್ಟಿಗೆ ಹೊರಡುವಾಗ ಕೇಳುವ ಒಂದು ಆಂಪಿಯರ್ ಆಸುಪಾಸಿನ ಕರೆಂಟು ಅದರ ಕೈಯಲ್ಲಾಗದು. ಮದುವೆ ಮನೆಯ ಪಂಕ್ತಿಗೆ ಒಂದೇ ಚಮಚ ಹಿಡಿದು ಸಾರು ಬಡಿಸಲು ನಿಂತ ಹಾಗೆ. ಅದರ ಬದಲು 18650 ಎಂಬ ಅಳತೆಯ ಎರಡು ಲಿಥಿಯಂ ಸೆಲ್‌ಗಳನ್ನು ಹೋಲ್ಡರಿನಲ್ಲಿ ಸೀರೀಸ್ ಆಗಿ ಹಾಕಿ: ಒಟ್ಟು 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4. ಒಂದೊಂದು ಸೆಲ್ಲೂ 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು, ಹೊರಕವಚ ಹರಿದ ಸೆಲ್ ಮನೆಯೊಳಗೇ ಬರಬಾರದು. ಮೈಮೇಲೆ '9900 ಎಂಎಎಚ್' ಎಂದು ಬರೆದುಕೊಂಡ ಅಗ್ಗದ ಸೆಲ್ ಸಿಕ್ಕಿದರೆ ನಗುತ್ತಾ ವಾಪಸ್ ಕೊಡಿ. ಒಳ್ಳೆಯ ಕಂಪನಿಯ ಸೆಲ್ಲೇ 3500ರ ಆಸುಪಾಸಿನಲ್ಲಿ ನಿಲ್ಲುತ್ತದೆ.

7.4 ವೋಲ್ಟ್ ಕೊಟ್ಟರೆ ಮೋಟಾರಿಗೂ 7.4 ಸಿಗುತ್ತದೆ ಅಂದುಕೊಂಡರೆ ಅದೂ ಇಲ್ಲ. ಎಲ್298ಎನ್ ಹಳೇ ಕಾಲದ ಬೈಪೋಲಾರ್ ಟ್ರಾನ್ಸಿಸ್ಟರುಗಳ ಚಿಪ್. ನಡುವೆ ಎರಡು ವೋಲ್ಟಿನಷ್ಟು ಕಮಿಷನ್ ಹಿಡಿದುಕೊಳ್ಳುತ್ತದೆ. ಆ ಕಮಿಷನ್ನೇ ಶಾಖವಾಗುವುದರಿಂದ ಅದರ ಬೆನ್ನಿಗೆ ಕಪ್ಪು ಹೀಟ್‌ಸಿಂಕ್. ಟಿಬಿ6612 ಡ್ರೈವರ್ ಹೊಸ ಬಗೆಯ ಟ್ರಾನ್ಸಿಸ್ಟರಾದ ಮಾಸ್‌ಫೆಟ್‌ನದು, ಕಮಿಷನ್ ತೀರಾ ಕಡಿಮೆ, ಚಿಕ್ಕ ರೋಬೋಟಿಗೆ ಅದೇ ವಾಸಿ. ಆದರೂ ಕಿಟ್ಟುಗಳಲ್ಲಿ ಎಲ್298ಎನ್ ಇನ್ನೂ ಠಿಕಾಣಿ ಹೂಡಿಕೊಂಡೇ ಇದೆ.

ಈಗ ಸೋಫಾದ ಅಡಿಗೆ ಹೋಗೋಣ. ಗಾಲಿ ಕಾರ್ಪೆಟ್ಟಿನ ಅಂಚಿಗೆ ಸಿಕ್ಕಿ ನಿಂತಿತು. ನಿಂತ ಮೋಟಾರು ಓಡುವ ಮೋಟಾರಿಗಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜ್ ಕುಸಿದು ಆರ್ಡುಯಿನೋ ರೀಸೆಟ್ ಆಗುತ್ತದೆ. ಎಚ್ಚರವಾದ ಕೂಡಲೇ ಪ್ರೋಗ್ರಾಮಿನ ಮೊದಲ ಸಾಲು ಏನು? 'ಮುಂದೆ ನಡೆ'. ನಡೆಯುತ್ತದೆ, ಸಿಕ್ಕಿಕೊಳ್ಳುತ್ತದೆ, ಮತ್ತೆ ರೀಸೆಟ್. ಹಿಂದೆ ಬರುವ ಸಾಲಿನವರೆಗೆ ಅದು ತಲುಪುವುದೇ ಇಲ್ಲ! ಪತ್ತೆ ಹಚ್ಚುವುದು ಸುಲಭ: ಪ್ರೋಗ್ರಾಂ ಶುರುವಾದಾಗ ಒಮ್ಮೆ ಮಾತ್ರ ನಡೆಯುವ ಸೆಟಪ್ ಭಾಗದಲ್ಲಿ ಬೋರ್ಡಿನ 13ನೇ ಪಿನ್ನಿನ ದೀಪವನ್ನು ಐದು ಸಲ ನಿಧಾನಕ್ಕೆ ಮಿನುಗಿಸಿ. ಓಡಾಟದ ಮಧ್ಯೆ ಆ ಐದು ಮಿನುಗು ಕಂಡರೆ ಕೋಡ್ ಮುಟ್ಟಬೇಡಿ. ಸರ್ವೋಗೂ ಆರ್ಡುಯಿನೋಗೂ ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಕೊಡುವ ಬೇರೆ 5 ವೋಲ್ಟ್ ಬಕ್ ಕನ್ವರ್ಟರ್ ಕೊಡಿ, ಸರ್ವೋದ ಸಪ್ಲೈಗೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಪ್ರತಿ ಮೋಟಾರಿನ ಎರಡು ಕಾಲಿನ ನಡುವೆ '104' ಎಂದು ಬರೆದ ಸಣ್ಣ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ. ಎಲ್ಲದರ ಗ್ರೌಂಡ್ (ಮೈನಸ್ ತಂತಿ) ಒಂದೇ ಆಗಿರಬೇಕು. ಯುಎಸ್‌ಬಿ ಕೇಬಲ್ ಇದ್ದಾಗ ಜಾಣನಂತೆ ಓಡುವ ರೋಬೋ ಕೇಬಲ್ ಕಿತ್ತೊಡನೆ ಪೆದ್ದಾಗುವುದೂ ಇದಕ್ಕೇ: ಅಲ್ಲಿಯವರೆಗೆ ಆರ್ಡುಯಿನೋ ಉಂಡದ್ದು ಲ್ಯಾಪ್‌ಟಾಪಿನ ಕರೆಂಟು.

ಬ್ಯಾಟರಿಯ ಚಿಂತೆ ಹೊಸದೂ ಅಲ್ಲ. 1948-49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮಿದುಳು ವಿಜ್ಞಾನಿ ಎಲ್ಮರ್, ಎಲ್ಸಿ ಎಂಬ ಎರಡು ಆಮೆ-ರೋಬೋಗಳನ್ನು ಕಟ್ಟಿದಾಗ ಒಂದೊಂದರ ತಲೆಯಲ್ಲೂ ಇದ್ದದ್ದು ಎರಡೇ ವಾಲ್ವ್ (ಹಳೇ ರೇಡಿಯೋಗಳಲ್ಲಿದ್ದ ಗಾಜಿನ ಬುರುಡೆ). ಆದರೂ ಬ್ಯಾಟರಿ ಇಳಿದಾಗ ದೀಪ ಉರಿಯುವ ಗೂಡಿಗೆ ತಾವೇ ಹೋಗಿ ಚಾರ್ಜ್ ಮಾಡಿಕೊಳ್ಳುವ ಏರ್ಪಾಡು ಅವುಗಳಲ್ಲಿತ್ತು. ನಮ್ಮ ಮನೆಗಳ ರೋಬೋ ಬ್ಯಾಟರಿ ಇಳಿದಾಗ ಮಂಚದ ಅಡಿಗೇ ಹೋಗುತ್ತದೆ.

ಹಾಗಂತ ಕೋಡ್ ಸಾಕ್ಷಾತ್ ಹರಿಶ್ಚಂದ್ರನಲ್ಲ. ಊನೋದಲ್ಲಿ ಸರ್ವೋ ತಿರುಗಿಸುವ ಸಿದ್ಧ ಕೋಡಾದ ಸರ್ವೋ ಲೈಬ್ರರಿ ಸೇರಿಸಿದ ಕ್ಷಣವೇ 9 ಮತ್ತು 10ನೇ ಪಿನ್ನುಗಳ ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ ವೇಗ ಹೊಂದಿಸುವ ಉಪಾಯ) ಸತ್ತುಹೋಗುತ್ತದೆ. ಮೋಟಾರಿನ ವೇಗದ ತಂತಿ ಅಲ್ಲಿದ್ದರೆ ವೇಗ ಬದಲಾಗುವುದೇ ಇಲ್ಲ. ಅದನ್ನು 5 ಮತ್ತು 6ಕ್ಕೆ ಸಾಗಿಸಿ. ಇನ್ನೊಂದು ದೂರ ಅಳೆಯುವಲ್ಲಿ. ಪ್ರತಿಧ್ವನಿ ಬಂದ ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ, ಸರಿ. ಕಾಯುವುದಕ್ಕೆ 25,000 ಮೈಕ್ರೋಸೆಕೆಂಡಿನ ಗಡುವು ಹಾಕಿದ್ದು, ಅಷ್ಟರೊಳಗೆ ಪ್ರತಿಧ್ವನಿ ಬಾರದಿದ್ದರೆ ಪಲ್ಸ್‌ಇನ್ ಎಂಬ, ಕಾಲ ಅಳೆಯುವ ಆಜ್ಞೆ ಕೊಡುವ ಉತ್ತರ 0. '20 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಹಿಂದೆ ಸರಿ' ಎಂದು ಮಾತ್ರ ಬರೆದಿದ್ದರೆ, ಖಾಲಿ ಹಾಲಿನ ನಟ್ಟನಡುವೆ ನಿಂತ ರೋಬೋ ಯಾರೂ ಇಲ್ಲದ ಕಡೆಯಿಂದ ಬೆದರಿ ಹಿಂದೋಡುತ್ತದೆ. ಅಜ್ಜಿ ದೃಷ್ಟಿ ತೆಗೆಯಲು ಉಪ್ಪು-ಮೆಣಸಿನಕಾಯಿ ಹುಡುಕುವುದು ಆಗಲೇ. ಸರಿ, 0 ಬಂದರೆ ದಾರಿ ಖಾಲಿ ಎಂದು ತಿದ್ದುತ್ತೀರಿ. ಈ ಸಲ ಅದು ನೇರ ಹೋಗಿ ಕಿಟಕಿಯ ದಪ್ಪ ಪರದೆಗೆ ಮುಖ ಹುದುಗಿಸುತ್ತದೆ. ಮೆತ್ತನೆ ಬಟ್ಟೆ 40 ಕಿಲೋಹರ್ಟ್ಸ್ ಶಬ್ದವನ್ನು ನುಂಗಿಬಿಡುತ್ತದೆ, ಓರೆಯಾಗಿ ನಿಂತ ಬೀರು ಬಾಗಿಲು ಅದನ್ನು ಬೇರೆ ಕಡೆಗೆ ಅಟ್ಟುತ್ತದೆ. ಸೆನ್ಸರೊಂದನ್ನೇ ನಂಬದೆ ಮುಂಭಾಗಕ್ಕೆ ಎರಡು ಮೈಕ್ರೋ ಸ್ವಿಚ್‌ನ ಬಂಪರ್ ಕಟ್ಟಿ. ಡಿಕ್ಕಿ ಹೊಡೆದ ಮೇಲಾದರೂ ಬುದ್ಧಿ ಬರಲಿ.

ನೇರ ಹೋಗುವುದಂತೂ ಪವಾಡ. ಒಂದೇ ಪೊಟ್ಟಣದ ಎರಡು ಬಿ.ಓ. ಮೋಟಾರು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಎಡಕ್ಕೆ 180, ಬಲಕ್ಕೆ 195 ಎಂದು ಪಿಡಬ್ಲ್ಯುಎಂ ಹೊಂದಿಸಿ ಗೆದ್ದೆವು ಅನ್ನುವಷ್ಟರಲ್ಲಿ ಬ್ಯಾಟರಿ ಇಳಿದು ಲೆಕ್ಕ ತಪ್ಪುತ್ತದೆ. ಕಿಟ್ಟಿನಲ್ಲಿ 20 ಸೀಳಿನ ಕಪ್ಪು ಬಿಲ್ಲೆಯಿದ್ದರೆ ಎಸೆಯಬೇಡಿ. ಗಾಲಿಯ ಜೊತೆ ತಿರುಗುವ ಅದಕ್ಕೆ ಸೀಳು ಎಣಿಸುವ ಒಂದು ಸ್ಲಾಟ್ ಸೆನ್ಸರ್ ಕೂರಿಸಿ. 65 ಮಿ.ಮೀ. ಗಾಲಿಯ ಸುತ್ತಳತೆ ಸುಮಾರು 20.4 ಸೆಂ.ಮೀ., ಅಂದರೆ ಒಂದು ಸೀಳಿಗೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್. ಎರಡೂ ಕಡೆಯ ಎಣಿಕೆ ಹೋಲಿಸಿ ವೇಗ ತಿದ್ದುತ್ತಿದ್ದರೆ ಸಾಕು. ಇಷ್ಟೆಲ್ಲ ಮಾಡಿಯೂ ಒಂದೇ ಕಡೆ ಎಳೆದರೆ ಕ್ಯಾಸ್ಟರ್ ಗಾಲಿ ಬಿಚ್ಚಿ ನೋಡಿ. ಮನೆಯಲ್ಲಿ ಯಾರ ಕೂದಲು ಉದುರುತ್ತಿದೆ ಎಂಬುದಕ್ಕೆ ಪುರಾವೆ ಅಲ್ಲಿ ಸುತ್ತಿಕೊಂಡಿರುತ್ತದೆ.

ಮೊದಲ ಸಲ ಆನ್ ಮಾಡುವಾಗ ಚಾಸಿಯ ಕೆಳಗೆ ಒಂದು ಡಬ್ಬ ಇಟ್ಟು ಗಾಲಿಗಳನ್ನು ಗಾಳಿಯಲ್ಲೇ ತಿರುಗಿಸಿ ನೋಡಿ. ಒಂದು ಮುಂದೆ, ಇನ್ನೊಂದು ಹಿಂದೆ ತಿರುಗಿದರೆ ಆ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿದರಾಯಿತು. ಓಡಿಸುವುದು ಮಾತ್ರ ನೆಲದ ಮೇಲೆ. ಊಟದ ಮೇಜಿನ ಮೇಲೆ ಬಿಟ್ಟರೆ ಸೆನ್ಸರ್ ಮುಂದೆ ನೋಡುತ್ತದೆಯೇ ಹೊರತು ಕೆಳಗೆ ನೋಡುವುದಿಲ್ಲ. ಮೇಜಿನ ಅಂಚಿನಾಚೆ ಅದಕ್ಕೆ ಕಾಣುವುದು ನಾಲ್ಕು ಮೀಟರಿನಷ್ಟು ಖಾಲಿ ದಾರಿ.