ನಾಲ್ಕು ಹಸಿರು, ಒಂದು ಬೂದು

ಐದಕ್ಷರದ ಇಂಗ್ಲಿಷ್ ಪದ ಊಹಿಸುವ ಆಟ. ಅವಕಾಶ ಆರೇ. ಅಕ್ಷರವೂ ಅದರ ಜಾಗವೂ ಸರಿಯಿದ್ದರೆ ಹಸಿರು, ಆ ಅಕ್ಷರ ಪದದಲ್ಲೇ ಇಲ್ಲದಿದ್ದರೆ ಬೂದು. ಮೊದಲ ಸಲಕ್ಕೇ 'ನೈಟ್' ಹಾಕಿದೆ. ಐ, ಜಿ, ಎಚ್, ಟಿ ನಾಲ್ಕೂ ಹಸಿರು! ಇನ್ನೇನು ಗೆದ್ದೆ ಅಂದುಕೊಂಡೆ.

ಆಮೇಲೆ ಶುರುವಾಯಿತು ಗೋಳು. ಲೈಟ್? ಅಲ್ಲ. ಮೈಟ್? ಅಲ್ಲ. ಫೈಟ್, ಸೈಟ್, ಟೈಟ್... ಆರೂ ಮುಗಿದವು. ಉತ್ತರ 'ರೈಟ್' ಅಂತೆ. ಉಚ್ಚಾರ ಬೇರೆಯಾದರೂ 'ಏಟ್' (ಎಂಟು) ಕೂಡ ಇದೇ ಗುಂಪಿನದು. ಅದು ಬಿದ್ದದ್ದು ಮಾತ್ರ ನನಗೆ.

ಎಲ್ಲಕ್ಕಿಂತ ಜಾಸ್ತಿ ಉರಿಯುವುದು ಆ ಜಿ, ಎಚ್ ಮೇಲೆ. ಬಾಯಲ್ಲಿ ಸದ್ದೇ ಮಾಡದ ಎರಡು ಅಕ್ಷರ, ಸುಮ್ನೆ ಜಾಗ ಹಿಡಿದು ಕೂತಿವೆ. ಕನ್ನಡದಲ್ಲಿ ಬರೆದರೆ 'ನೈಟ್' ಎರಡೇ ಅಕ್ಷರ, ಅಲ್ವಾ?

ಮಧ್ಯೆ ಒಮ್ಮೆ 'ಫಿಲ್ಮ್ಸ್' ಹಾಕಿದ್ದರೆ ಎಫ್, ಎಲ್, ಎಂ, ಎಸ್ ನಾಲ್ಕನ್ನೂ ಒಂದೇ ಏಟಿಗೆ ನೋಡಿಬಿಡಬಹುದಿತ್ತು. ಆದರೆ ಜಂಬಕ್ಕೆ ಕಷ್ಟದ ಹಂತ ಆರಿಸಿಕೊಂಡಿದ್ದೆ. ಅಲ್ಲಿ ಸಿಕ್ಕ ಹಸಿರು ಅಕ್ಷರ ಬಿಡುವಂತಿಲ್ಲ.

ಇವತ್ತು 'ಸೌಂಡ್' ಹಾಕಿದೆ. ಕೊನೆಯ ನಾಲ್ಕೂ ಹಸಿರು. ಬೌಂಡ್, ಪೌಂಡ್, ರೌಂಡ್, ಫೌಂಡ್, ಹೌಂಡ್, ಮೌಂಡ್... ಅಯ್ಯೋ, ಮತ್ತೆ ಅದೇ!