ಮಳೆಯಲ್ಲಿ ಎಂತ ನೋಡುವುದು ಅಂತ ಇನ್ನು ಯಾರೂ ಕೇಳಬೇಡಿ

ನಿನ್ನೆಯಿಂದ ನನ್ನ ಸಿಟ್ಟು ಇಳಿದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಿನ್ನೆ ಮಧ್ಯಾಹ್ನ ನಾನು ಮತ್ತು ಇವರು ನಮ್ಮ ಮಂಗಳೂರಿನ ಹಂಪನಕಟ್ಟೆಯಲ್ಲಿ ಮಳೆಗೆ ಒಂದು ಅಂಗಡಿಯ ಮಾಡಿನಡಿ ನಿಂತಿದ್ದೆವು. ಪಕ್ಕದಲ್ಲಿ ಒಂದು ಜೋಡಿ. ಹುಡುಗಿಯ ಕೈಯ ಮದರಂಗಿ ಇನ್ನೂ ಪೂರ್ತಿ ಮಾಸಿರಲಿಲ್ಲ. ರಾಯಚೂರು ಕಡೆಯವರು. ರಾತ್ರಿ ಬಸ್ಸಲ್ಲಿ ಬಂದಿದ್ದಾರೆ, ಎರಡೇ ದಿನ ರಜೆ. ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದೆ. ಮಾಲ್‌ಗೆ ಅಂದರು. ಬೆಳಗ್ಗೆಯಿಂದ ಲಾಡ್ಜ್ ರೂಮಿನಲ್ಲೇ ಇದ್ದರಂತೆ. ಲಾಡ್ಜ್‌ನವರು ಹೇಳಿದ್ದಂತೆ, "ಈ ಮಳೆಯಲ್ಲಿ ಮಂಗಳೂರಲ್ಲಿ ಎಂತ ಉಂಟು ನೋಡ್ಲಿಕ್ಕೆ? ಬೀಚ್ ಬಂದ್. ಡಿಸೆಂಬರಲ್ಲಿ ಬನ್ನಿ."

ಅಷ್ಟು ದೂರದಿಂದ ಬಂದವರಿಗೆ ಹೇಳುವ ಮಾತಾ ಇದು? ಅವರ ಊರಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಅವರಿಗೆ ಮಳೆಯೇ ನೋಡುವಂಥದ್ದು! ಆ ಹುಡುಗಿ ಮಾಡಿನಿಂದ ಇಳಿಯುವ ನೀರಿಗೆ ಕೈ ಒಡ್ಡಿಕೊಂಡು ನಿಂತಿದ್ದಳು. ಸುಮ್ನೆ, ಒಂದು ಮಾತೂ ಆಡದೆ. ಅವಳಿಗೆ ಮಾಲ್ ಬೇಕಿರಲಿಲ್ಲ.

ನಮ್ಮ ಕೆಲಸ ನಾಳೆಗೆ ಇಟ್ಟು ಅವರ ಜೊತೆ ಹೊರಟೆವು. ಇವರ ಮಂಡಿ ನೋವಿನ ವಿಷಯ ನಿಮಗೆ ಗೊತ್ತೇ ಇದೆ. ಆದರೂ ಮೊದಲು ಹೊರಟವರು ಇವರೇ.

ಲೈಟ್‌ಹೌಸ್ ಹಿಲ್ ಹತ್ತಿ ಅಲೋಶಿಯಸ್ ಚಾಪೆಲ್‌ಗೆ, ಆ ಹಳೆ ಚರ್ಚಿಗೆ ಹೋದೆವು. ಬಾಗಿಲಲ್ಲಿ ಕೊಡೆಗಳ ರಾಶಿ, ನೆಲದಲ್ಲೆಲ್ಲ ಒದ್ದೆ ಪಾದದ ಗುರುತು. ಹೊರಗೆ ಸಂಜೆ ಆರರಂಥ ಕತ್ತಲೆ. ಒಳಗೆ ದೀಪದ ಬೆಳಕಲ್ಲಿ ಗೋಡೆ, ಮಾಡು ಎಲ್ಲ ಚಿತ್ರ. ಬಿಸಿಲಿನ ದಿನ ಆ ಬಣ್ಣ ಇಷ್ಟು ಕಣ್ಣಿಗೆ ಕಟ್ಟುವುದಿಲ್ಲ, ನಾನು ಎರಡನ್ನೂ ನೋಡಿದವಳು. ಇಟಲಿಯ ಆಂಟೋನಿಯೋ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಎರಡು ವರ್ಷಕ್ಕೂ ಜಾಸ್ತಿ ಇಲ್ಲಿದ್ದು ಬರೆದದ್ದು. ಗೋಡೆಯ ಚಿತ್ರ ಹಸಿ ಗಾರೆಯ ಮೇಲೆ ಬರೆದದ್ದು, ಗಾರೆ ಒಣಗುವುದರೊಳಗೆ ಬಣ್ಣ ಕೂರಬೇಕು. ಆ ಮನುಷ್ಯ ನಮ್ಮ ಮಳೆಗಾಲಗಳನ್ನು ದಾಟಿ ಇಷ್ಟು ದೊಡ್ಡ ಕೆಲಸ ಮುಗಿಸಿದರು. ನಮಗೆ ಬಸ್‌ಸ್ಟ್ಯಾಂಡ್‌ವರೆಗೆ ಹೋಗಲಿಕ್ಕೂ ಮಳೆ ಬಿಡಬೇಕು.

ಮಳೆ ಬಿಡಲಿ. ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಜೂನ್‌ನಲ್ಲಿ ಶುರುವಾದದ್ದು ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ವರ್ಷದ ಮೂರರಲ್ಲಿ ಒಂದು ಭಾಗ ಊರಿಗೆ ಬೀಗ ಹಾಕಿ ಕೂರುವುದಾ?

ನೀವು ಹೇಳುತ್ತೀರಿ, ಪಂಪ್‌ವೆಲ್‌ನಲ್ಲಿ ನೀರು ನಿಲ್ಲುತ್ತದೆ, ಕೊಟ್ಟಾರ ಚೌಕಿ ಹೊಳೆಯಾಗುತ್ತದೆ, ಸಮುದ್ರ ಜನರನ್ನು ಎಳೆದುಕೊಳ್ಳುತ್ತದೆ. ಒಪ್ಪುತ್ತೇನೆ. ರೆಡ್ ಅಲರ್ಟ್ ಇದ್ದ ದಿನ ಮನೆಯಲ್ಲಿರಿ. ಸಮುದ್ರಕ್ಕಂತೂ ಇಳಿಯಲೇಬೇಡಿ. ಆದರೆ ಮಂಗಳೂರು ಅಂದರೆ ಬೀಚ್ ಮಾತ್ರವಾ? ಕದ್ರಿ ದೇವಸ್ಥಾನ ಎಲ್ಲಿ ಹೋಯಿತು? ಅಲ್ಲಿ ಕ್ರಿ.ಶ. 968ರ ಶಾಸನ ಇರುವ ಕಂಚಿನ ಲೋಕೇಶ್ವರ ಇದ್ದಾನೆ. ದೇವಸ್ಥಾನದ ಮೇಲಿನ ಕೆರೆಗಳು ತುಂಬಿ ನಿಲ್ಲುವುದು ಈಗಲೇ. ಬಿಜೈಯಲ್ಲಿ ಹಡಗಿನ ಆಕಾರದ ಮನೆ ಇದೆ, ಕರ್ನಲ್ ಮಿರಜ್ಕರ್ ಅಮ್ಮನ ಹೆಸರಲ್ಲಿ ಮ್ಯೂಸಿಯಂಗೆ ಕೊಟ್ಟದ್ದು. ಜೋರು ಮಳೆಯಲ್ಲಿ ಅದನ್ನು ಗೇಟಿನ ಹೊರಗೆ ನಿಂತು ಒಮ್ಮೆ ನೋಡಿ. ದಕ್ಕೆಗೆ, ಅಂದರೆ ಮೀನಿನ ಬಂದರಿಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಇಲ್ಲ. 61 ದಿನ ಬೋಟುಗಳೆಲ್ಲ ಒಂದಕ್ಕೊಂದು ತಾಗಿಕೊಂಡು ಸಾಲಾಗಿ ಮಲಗಿರುತ್ತವೆ. ಡಿಸೆಂಬರಲ್ಲಿ ಬಂದರೆ ಈ ನೋಟ ಸಿಗುತ್ತದಾ?

ಚಾಪೆಲ್‌ನಿಂದ ಇಳಿದು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಬಸ್ ಹತ್ತಿದೆವು. ಕಿಟಕಿಗಳಿಗೆ ಟರ್ಪಾಲು ಇಳಿಸಿದ್ದರು. ಒಳಗೆ ನೀಲಿ ಕತ್ತಲೆ. ಒದ್ದೆ ಕೊಡೆಯ ವಾಸನೆ, ಯಾರದೋ ಚೀಲದಿಂದ ಬಿಸಿ ಗೋಳಿಬಜೆಯ ವಾಸನೆ. ಟರ್ಪಾಲಿನ ಒಂದು ಮೂಲೆಯ ಹಗ್ಗ ಬಿಚ್ಚಿಹೋಗಿತ್ತು. ಗಾಳಿಗೆ ಅದು ಎದ್ದಾಗಲೆಲ್ಲ ಹುಡುಗನ ತೋಳಿಗೆ ನೀರು ಎರಚುತ್ತಿತ್ತು. ಅವನು ಜಾಗ ಬದಲಿಸಲಿಲ್ಲ. ಅವಳಿಗೆ ನೀರು ತಾಗದ ಹಾಗೆ ಅಲ್ಲೇ ಅಡ್ಡ ಕೂತ.

ಇದನ್ನು ನೋಡಿ ನನಗೆ ಗಂಟಲು ಕಟ್ಟಿತು. ಹೇಳಿಯೇ ಬಿಡುತ್ತೇನೆ. ನಾವಿದ್ದ ಜೆಪ್ಪುವಿನ ಆ ಮನೆ ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಎರಡು ಕೋಣೆ, ಒಂಬತ್ತು ಜನ. ಮಾವ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಹಾಕಿಸಿದ ಹೆಂಚು, ಅದರ ಮೇಲೆ ರಾತ್ರಿಯಿಡೀ ಮಳೆಯ ಸದ್ದು. ಮದುವೆಯಾದ ವರ್ಷ ನಮಗಿಬ್ಬರಿಗೆ ಅಂತ ಇದ್ದ ಜಾಗ ಸಿಟಿ ಬಸ್ಸು. ಭಾನುವಾರ ಮಧ್ಯಾಹ್ನ ಹತ್ತುತ್ತಿದ್ದೆವು, ಕೊನೆಯ ಸ್ಟಾಪ್‌ವರೆಗೆ ಹೋಗಿ ವಾಪಸ್. ಟರ್ಪಾಲು ಇಳಿದರೆ ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ. ಇವರು ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ನನಗೆ ಹೇಳಿದ್ದು ಅಲ್ಲಿ. ಆಮೇಲೆ ಮಗಳು ಹುಟ್ಟಿದಳು, ಕೆಲಸ ಜಾಸ್ತಿಯಾಯಿತು. ಇವರು ಕರೆದಾಗಲೆಲ್ಲ "ಮಳೆ ಬಿಡಲಿ" ಅಂದವಳು ನಾನೇ. ಎಷ್ಟು ಮಳೆಗಾಲ ಹಾಗೇ ಹೋಯಿತು ಅಂತ ಲೆಕ್ಕ ಹಾಕಲಿಕ್ಕೂ ಮನಸ್ಸಾಗುವುದಿಲ್ಲ. ಅದಕ್ಕೇ ಯಾರಾದರೂ ಈ ಮಾತು ಹೇಳಿದರೆ ನನಗೆ ಇಷ್ಟು ಸಿಟ್ಟು.

ಬಸ್ ಇಳಿದದ್ದು ಸುಲ್ತಾನ್ ಬತ್ತೇರಿಯಲ್ಲಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಗುರುಪುರ ಹೊಳೆಯೊಳಗೆ ಶತ್ರುಗಳ ಹಡಗು ನುಗ್ಗದ ಹಾಗೆ ನೋಡಿಕೊಳ್ಳಲಿಕ್ಕೆ. ಕಪ್ಪು ಕಲ್ಲು ಮಳೆಗೆ ತೊಳೆದು ಇನ್ನೂ ಕಪ್ಪಾಗಿತ್ತು, ಸಂದಿಯಲ್ಲೆಲ್ಲ ಎಳೆ ಹಸಿರು ಪಾಚಿ. ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಮಳೆ ಆಗಷ್ಟೇ ಹೊಳವಾಗಿತ್ತು. ಇವರು ಮೆಟ್ಟಿಲು ಬೇಡ ಅಂತ ಕೆಳಗೇ ನಿಂತರು. ನಾನೂ ಇವರ ಜೊತೆ ನಿಂತೆ. ಅವರಿಬ್ಬರು ಮೇಲೆ ಹೋಗಿ ಫಿರಂಗಿಯ ಕಿಂಡಿಗೆ ಮುಖ ಇಟ್ಟರು.

ಆಗ ತಣ್ಣೀರುಬಾವಿ ಕಡೆಯಿಂದ ಮಳೆ ಬಂತು. ಮೊದಲು ಆಚೆ ದಡದ ತೆಂಗಿನ ಮರಗಳು ಒಂದೊಂದಾಗಿ ಕಾಣದಾದವು. ಆಮೇಲೆ ಹೊಳೆಯ ನೀರು ಅರ್ಧದವರೆಗೆ ಬೆಳ್ಳಗಾಯಿತು, ಈಚೆಯ ಅರ್ಧ ಇನ್ನೂ ಸುಮ್ನೆ ಇತ್ತು. ಮೇಲಿಂದ ಹುಡುಗಿ ಕೂಗಿದಳು, "ರೀ, ಬಂತ್ರೀ, ಮಳಿ ನಡಕೊಂತ ಬರಾಕತ್ತೈತ್ರೀ!"

ಇವರು ಕೊಡೆ ಬಿಡಿಸಿದರು. ನಾನು ಒಳಗೆ ಬಂದೆ.